ಸುಪ್ರೀಂ ಕೋರ್ಟು, ನ್ಯಾಯಮೂರ್ತಿಗಳು, ಸಂವಿಧಾನದ ತೀರ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಕೀಲಿ ಮಾಡುವವನಿಗೆ ಮದುವೆಮನೆಯ ಪಂಕ್ತಿಯಲ್ಲೂ ಬಿಡುವಿಲ್ಲ. ಎಲೆಗೆ ಉಪ್ಪು ಬೀಳುವ ಹೊತ್ತಿಗೆ ಪಕ್ಕದವರು, “ಸ್ವಾಮಿ, ನಿನ್ನೆ ಸುಪ್ರೀಂ ಕೋರ್ಟು ಹೀಗೆ ಹೇಳಿತಂತಲ್ಲ” ಎಂದು ಶುರು ಮಾಡಿರುತ್ತಾರೆ. ಅಂಥ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಭಾಷಣ ಮುಗಿದ ಮೇಲಿನ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಮೆಟ್ಟಿಲು

ಕೋರ್ಟು ಒಂದೇ ತಾನೇ? ಸೋಮವಾರ ಒಂದು ಮಾತು, ಗುರುವಾರ ಇನ್ನೊಂದು ಮಾತು ಹೇಗೆ?

ಹೆಸರು ಒಂದು, ಕುಳಿತುಕೊಳ್ಳುವ ಪೀಠಗಳು ಹಲವು. 1950ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಸೇರಿ ಎಂಟು ಹುದ್ದೆಗಳಿದ್ದವು. 2019ರ ತಿದ್ದುಪಡಿ ಆ ಸಂಖ್ಯೆಯನ್ನು 34ಕ್ಕೆ ಏರಿಸಿತು. ಅಮೆರಿಕದಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಒಟ್ಟಿಗೆ ಕುಳಿತು ಪ್ರಕರಣ ಕೇಳುತ್ತಾರೆ. ನಮ್ಮಲ್ಲಿ ಇಬ್ಬರು ಅಥವಾ ಮೂವರು ಕುಳಿತು ನಿತ್ಯದ ಕೆಲಸ ಸಾಗಿಸುತ್ತಾರೆ. ಸಂವಿಧಾನವನ್ನು ಅರ್ಥೈಸುವ ಮಹತ್ವದ ಪ್ರಶ್ನೆ ಎದುರಾದರೆ ಕನಿಷ್ಠ ಐವರು ಕೂರಬೇಕೆಂದು 145(3)ನೇ ವಿಧಿ ಹೇಳುತ್ತದೆ. ಅದೇ ಸಂವಿಧಾನ ಪೀಠ. ಆದ್ದರಿಂದ ತೀರ್ಪಿನ ಸುದ್ದಿ ಕಂಡ ಕೂಡಲೇ ನಾನು ಮೊದಲು ಹುಡುಕುವುದು ಯಾರು ಗೆದ್ದರು ಎಂಬುದನ್ನಲ್ಲ, ಎಷ್ಟು ಜನ ಕುಳಿತಿದ್ದರು ಎಂಬುದನ್ನು.

ಪತ್ರಿಕೆಯಲ್ಲಿ “ಸುಪ್ರೀಂ ಕೋರ್ಟ್ ಹೇಳಿದೆ” ಎಂದು ಬಂದರೆ ಅದು ಕಾನೂನಾಯಿತೇ?

ಬಹುಪಾಲು ಸಲ ಇಲ್ಲ. ವಾದ ನಡೆಯುವಾಗ ನ್ಯಾಯಮೂರ್ತಿಗಳು ವಕೀಲರನ್ನು ಕೆಣಕುತ್ತಾರೆ, ಗದರುತ್ತಾರೆ, ಒಮ್ಮೊಮ್ಮೆ ಎದುರು ಪಕ್ಷದ ವಾದವನ್ನು ತಾವೇ ಮಂಡಿಸಿ ನೋಡುತ್ತಾರೆ. ದಪ್ಪ ಅಕ್ಷರದ ಶೀರ್ಷಿಕೆಯಾಗುವುದು ಆ ಮಾತೇ. ಸಹಿ ಬಿದ್ದ ಆದೇಶದಲ್ಲಿ ಅದರ ಸುಳಿವೂ ಇರುವುದಿಲ್ಲ. 141ನೇ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುವುದು ಕೋರ್ಟು ಘೋಷಿಸಿದ ಕಾನೂನು, ಅಂದರೆ ತೀರ್ಮಾನಕ್ಕೆ ಆಧಾರವಾದ ತತ್ವ ಮಾತ್ರ. ತೀರ್ಪಿನ ನಡುವೆ ಬರುವ ಉಪದೇಶ, ಸುಭಾಷಿತ, ಇತಿಹಾಸದ ಪಾಠ ಓದಲು ಚೆನ್ನಾಗಿರುತ್ತವೆ, ಅಷ್ಟೇ.

ಇನ್ನೊಂದು ಎಡವಟ್ಟು: ಕಾರಣ ಬರೆಯದೆ ಒಂದೇ ಸಾಲಿನಲ್ಲಿ ಮೇಲ್ಮನವಿಯ ಅನುಮತಿ ನಿರಾಕರಿಸಿದರೆ “ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್” ಎಂದು ಬರೆಯುತ್ತಾರೆ. ಕೋರ್ಟು ಅಲ್ಲಿ ಏನನ್ನೂ ಎತ್ತಿಹಿಡಿದಿರುವುದಿಲ್ಲ. ಕೈ ಹಾಕಲು ಒಪ್ಪಲಿಲ್ಲ ಎಂದಷ್ಟೇ ಅರ್ಥ.

ತೀರ್ಪು ಕನ್ನಡದಲ್ಲಿ ಸಿಗುತ್ತದೆಯೇ?

ಕೆಲವು ಸಿಗುತ್ತವೆ. 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. 2019ರಿಂದ ಆಯ್ದ ತೀರ್ಪುಗಳ ಕನ್ನಡ ಅನುವಾದ ಕೋರ್ಟಿನ ಜಾಲತಾಣಕ್ಕೆ ಬರುತ್ತಿದೆ. ಅನುವಾದ ತಿಳಿವಳಿಕೆಗಷ್ಟೇ, ಜಗಳ ಬಂದರೆ ಇಂಗ್ಲಿಷ್ ಪ್ರತಿಯೇ ಪ್ರಮಾಣ. ಕೆಲವು ಅನುವಾದಗಳನ್ನು ಓದಿದರೆ ಮೂಲವೇ ಸುಲಭ ಎನಿಸುತ್ತದೆ, ಆ ಮಾತು ಬೇರೆ.

ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ಆರಿಸುವುದು ಎಂದು ಸಂವಿಧಾನದಲ್ಲಿ ಬರೆದಿದೆಯೇ?

ಬರೆದಿಲ್ಲ. ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯೊಡನೆ “ಸಮಾಲೋಚಿಸಿ” ನೇಮಿಸಬೇಕು ಎಂದಷ್ಟೇ 124ನೇ ವಿಧಿಯಲ್ಲಿದೆ. ಸಮಾಲೋಚನೆ ಎಂದರೆ ಸಮ್ಮತಿಯೇನಲ್ಲ ಎಂದು 1981ರಲ್ಲಿ ಕೋರ್ಟೇ ಹೇಳಿತ್ತು. 1993ರಲ್ಲಿ ಒಂಬತ್ತು ಜನರ ಪೀಠ ಅದನ್ನು ತಿರುಗಿಸಿ, ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಮೇಲುಗೈ ಕೊಟ್ಟಿತು. 1998ರಲ್ಲಿ ಅದು ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯರ ಕೊಲಿಜಿಯಂ, ಅಂದರೆ ಆಯ್ಕೆ ಮಂಡಳಿ, ಆಯಿತು. ಸಂಸತ್ತು 99ನೇ ತಿದ್ದುಪಡಿ ತಂದು ನೇಮಕಾತಿ ಆಯೋಗ ರಚಿಸಹೊರಟಿತು. 2015ರ ಅಕ್ಟೋಬರ್ 16ರಂದು ಐವರಲ್ಲಿ ನಾಲ್ವರು ಆ ತಿದ್ದುಪಡಿಯನ್ನು ರದ್ದು ಮಾಡಿದರು. ಒಪ್ಪದವರು ನ್ಯಾಯಮೂರ್ತಿ ಚೆಲಮೇಶ್ವರ್ ಒಬ್ಬರೇ. ಕೊಲಿಜಿಯಂನಲ್ಲಿ ಪಾರದರ್ಶಕತೆಯೇ ಇಲ್ಲ ಎಂಬ ಅವರ ದೂರನ್ನು ಇಂದು ಕೊಲಿಜಿಯಂ ಬೇಕೆನ್ನುವವರೂ ಅಲ್ಲಗಳೆಯುವುದಿಲ್ಲ.

ಕರ್ನಾಟಕದವರು ಎಷ್ಟು ಜನ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾರೆ?

ನಾಲ್ವರು: ಇ.ಎಸ್. ವೆಂಕಟರಾಮಯ್ಯ (1989), ಎಂ.ಎನ್. ವೆಂಕಟಾಚಲಯ್ಯ (1993–94), ಎಸ್. ರಾಜೇಂದ್ರ ಬಾಬು (2004, ಒಂದೇ ತಿಂಗಳು), ಎಚ್.ಎಲ್. ದತ್ತು (2014–15). ಹಿರಿತನದ ಸಾಲು ತಪ್ಪದಿದ್ದರೆ ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ 2027ರ ಸೆಪ್ಟೆಂಬರಿನಲ್ಲಿ ಆ ಹುದ್ದೆಗೆ ಬರುವ ಮೊದಲ ಮಹಿಳೆಯಾಗುತ್ತಾರೆ. ಅವಧಿ ಐದೇ ವಾರ.

ಆದರೆ ಮುಖ್ಯ ನ್ಯಾಯಮೂರ್ತಿಯಾಗಬೇಕಿದ್ದು ಆಗದೇ ಹೋದವರನ್ನು ನಾವು ಮರೆಯುತ್ತೇವೆ. ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ (ಅದರ ಕಥೆ ಮುಂದಿದೆ) ಬಹುಮತದ ಕಡೆಗಿದ್ದರು. ತೀರ್ಪು ಬಂದ ಮರುದಿನವೇ ಕೇಂದ್ರ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷ ಕಳೆದು ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಪೀಠದಲ್ಲಿ ಕುಳಿತರು.

## ದೊಡ್ಡ ಪ್ರಕರಣಗಳು

ಕೇಶವಾನಂದ ಭಾರತಿ ಎಂದರೆ ನಮ್ಮ ಎಡನೀರು ಸ್ವಾಮೀಜಿಯೇ? ಅವರು ಗೆದ್ದರೋ, ಸೋತರೋ?

ಅವರೇ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನದ ಪೋಷಕರು, ಸ್ವತಃ ಭಾಗವತಿಕೆ ಮಾಡುತ್ತಿದ್ದವರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಜಮೀನಿಗೆ ಕುತ್ತು ಬಂದಾಗ 1970ರಲ್ಲಿ ಅರ್ಜಿ ಹಾಕಿದರು. ಅಷ್ಟರಲ್ಲಿ ಸಂಸತ್ತು ಒಂದರ ಮೇಲೊಂದು ತಿದ್ದುಪಡಿ ತಂದು, 29ನೆಯದರಲ್ಲಿ ಕೇರಳದ ಆ ಕಾಯ್ದೆಗಳನ್ನು, ಕೋರ್ಟು ಪ್ರಶ್ನಿಸದಂತೆ ಕಾಯ್ದೆಗಳನ್ನು ಕಾಯುವ ಒಂಬತ್ತನೇ ಪರಿಚ್ಛೇದದ ಒಳಗೆ ಭದ್ರವಾಗಿ ಇಟ್ಟುಬಿಟ್ಟಿತು. ಜಮೀನಿನ ತಕರಾರು ಸಂವಿಧಾನವನ್ನು ಸಂಸತ್ತು ಎಷ್ಟು ದೂರ ತಿದ್ದಬಹುದು ಎಂಬ ಪ್ರಶ್ನೆಯಾಗಿ ಬೆಳೆಯಿತು.

ಹದಿಮೂರು ನ್ಯಾಯಮೂರ್ತಿಗಳು, 68 ದಿನಗಳ ವಾದ. ಸ್ವಾಮೀಜಿಯ ಪರ ವಕೀಲ ಪಾಲ್ಖೀವಾಲಾ, ಕೇರಳದ ಪರ ಸೀರ್ವಾಯಿ. 1973ರ ಏಪ್ರಿಲ್ 24ರಂದು ಹೊರಬಿದ್ದದ್ದು ಒಂದು ತೀರ್ಪಲ್ಲ, ಹನ್ನೊಂದು. ಓದಿದವರಿಗೆ ಒಟ್ಟು ಏನಾಯಿತೆಂದು ತಿಳಿಯುವುದೇ ಕಷ್ಟ. ಹಾಗಾಗಿ ಕೊನೆಯಲ್ಲಿ ಸಾರಾಂಶದ ಹಾಳೆಯೊಂದನ್ನು ಸೇರಿಸಿದರು. ಅದಕ್ಕೆ ಸಹಿ ಹಾಕಿದವರು ಒಂಬತ್ತು ಜನ, ನಾಲ್ವರು ಹಾಕಲಿಲ್ಲ. ದೇಶದ ಸಂವಿಧಾನದ ಹಣೆಬರಹ ನಿಂತಿರುವುದು ಆ ಹಾಳೆಯ ಮೇಲೆ: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ. ಬಹುಮತ ಏಳಕ್ಕೆ ಆರು. ಆ ಏಳರಲ್ಲೂ ಎಚ್.ಆರ್. ಖನ್ನಾ ಅವರದು ನಡುದಾರಿ. ಅವರೊಬ್ಬರು ಆ ಕಡೆ ವಾಲಿದ್ದರೆ ಇವತ್ತಿನ ಪುಸ್ತಕಗಳೆಲ್ಲ ಬೇರೆಯಾಗಿರುತ್ತಿದ್ದವು.

ಸ್ವಾಮೀಜಿಯ ವಿಷಯಕ್ಕೆ ಬಂದರೆ, 29ನೇ ತಿದ್ದುಪಡಿ ಸಿಂಧು ಎಂದು ಕೋರ್ಟು ಹೇಳಿತು. ಜಮೀನಿಗಾಗಿ ಹೋದವರಿಗೆ ಜಮೀನು ದಕ್ಕಲಿಲ್ಲ. ಹೆಸರು ಮಾತ್ರ ಕಾನೂನು ಓದುವ ಪ್ರತಿ ಹುಡುಗನ, ಹುಡುಗಿಯ ಬಾಯಲ್ಲಿ ಉಳಿಯಿತು.

ಈ ‘ಮೂಲಸ್ವರೂಪ’ ಸಂವಿಧಾನದ ಯಾವ ವಿಧಿಯಲ್ಲಿದೆ?

ಯಾವುದರಲ್ಲೂ ಇಲ್ಲ, ಅದು ನ್ಯಾಯಮೂರ್ತಿಗಳ ಶೋಧನೆ. ಇದನ್ನು ಆಕ್ಷೇಪಣೆಯೆಂದು ಹೇಳುವವರ ಮಾತಿನಲ್ಲಿ ಹುರುಳಿದೆ: ಪಟ್ಟಿಯೇ ಇಲ್ಲದ ವಸ್ತುವನ್ನು ಕಾಯುತ್ತೇವೆ ಎನ್ನುವುದು ವಿಚಿತ್ರವೇ. ಆದರೂ ನಾನು ಇದರ ಪರ. ಕಾರಣ 1976ರ 42ನೇ ತಿದ್ದುಪಡಿ. ಸಂವಿಧಾನದ ತಿದ್ದುಪಡಿಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದು, ಸಂಸತ್ತಿನ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಆ ಎರಡು ಸಾಲುಗಳನ್ನು ಹೊಡೆದುಹಾಕಿದ್ದು 1980ರ ಮಿನರ್ವಾ ಮಿಲ್ಸ್ ತೀರ್ಪು. ಮಿನರ್ವಾ ನಮ್ಮ ಬೆಂಗಳೂರಿನ ಬಟ್ಟೆ ಗಿರಣಿ. ಅದರ ರಾಷ್ಟ್ರೀಕರಣದ ತಕರಾರೇ ಅಷ್ಟು ದೂರ ಹೋಯಿತು. ಮಿತಿಯಿರುವುದೇ ಸಂವಿಧಾನದ ಗುಣವಾದರೆ, ಆ ಮಿತಿಯನ್ನೇ ತೆಗೆಯುವ ತಿದ್ದುಪಡಿ ತಿದ್ದುಪಡಿಯಾಗಿ ಉಳಿಯುವುದಿಲ್ಲ ಎಂಬ ತರ್ಕಕ್ಕೆ ಎದುರುತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಸರ್ಕಾರ ಅಲುಗಾಡಿದಾಗಲೆಲ್ಲ ‘ಬೊಮ್ಮಾಯಿ ತೀರ್ಪು’ ಎನ್ನುತ್ತಾರೆ. ಬೊಮ್ಮಾಯಿಯವರಿಗೆ ಏನಾಗಿತ್ತು?

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂದು 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನ ಆ 19ರಲ್ಲಿ ಏಳು ಜನ, ತಪ್ಪು ಹೇಳಿ ನಮ್ಮ ಸಹಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನದಲ್ಲೇ ಬಲ ತೋರಿಸುತ್ತೇನೆ, ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪದೆ ಇನ್ನೊಂದು ವರದಿ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ವಿಧಾನಸೌಧದ ಮೆಟ್ಟಿಲೇರಿ ತಲೆ ಎಣಿಸಬೇಕಾದ ಕೆಲಸ ರಾಜಭವನದ ಮೇಜಿನ ಮೇಲೆ ಮುಗಿದುಹೋಗಿತ್ತು.

ಕರ್ನಾಟಕ ಹೈಕೋರ್ಟು ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ಜನರ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲೇ ತಿಳಿಯಬೇಕು. ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜಾತ್ಯತೀತತೆ ಮೂಲಸ್ವರೂಪದ ಭಾಗ. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಸರ್ಕಾರಗಳ ವಜಾ ತಪ್ಪು ಎಂದಿತು. ಬಾಬ್ರಿ ಮಸೀದಿ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ನಡೆದದ್ದು ಸರಿ ಎಂದಿತು.

ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಾಗಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಫಲ ಉಂಡವರು ಬೇರೆಯವರು. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ಸಾಬೀತಿಗೆ 15 ದಿನ ಕೊಟ್ಟಾಗ, ನಡುರಾತ್ರಿ ಕುಳಿತ ಪೀಠ ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಮರುದಿನದ ವಿಚಾರಣೆಯಲ್ಲಿ ಮಾತ್ರ 19ರ ಸಂಜೆ ನಾಲ್ಕಕ್ಕೆ ವಿಶ್ವಾಸಮತ ನಡೆಯಲಿ ಎಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಮೀಸಲಾತಿಗೆ ಶೇ 50ರ ಮಿತಿ ಎಲ್ಲಿಂದ ಬಂತು?

ಮೈಸೂರಿನಿಂದ ಎಂದರೆ ಹೆಚ್ಚಿನವರು ನಂಬುವುದಿಲ್ಲ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ 28, ಅತಿ ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3 ಎಂದು ಆದೇಶ ಹೊರಡಿಸಿತು. ಒಟ್ಟು 68. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಸ್ಥೂಲವಾಗಿ ಹೇಳುವುದಾದರೆ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಬರೆದವರು ಗಜೇಂದ್ರಗಡಕರ್. ಅವರ ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ. ಓದಿದ್ದರಲ್ಲಿ ಧಾರವಾಡದ ಕರ್ನಾಟಕ ಕಾಲೇಜೂ ಒಂದು.

“ಸ್ಥೂಲವಾಗಿ” ಎಂದದ್ದು 1992ರ ಮಂಡಲ್ ತೀರ್ಪಿನಲ್ಲಿ ನಿಯಮವಾಗಿ ಗಟ್ಟಿಯಾಯಿತು. ಅಸಾಧಾರಣ ಸಂದರ್ಭಕ್ಕೊಂದು ಕಿಂಡಿ ಬಿಟ್ಟರು. 2022ರಲ್ಲಿ ಮೇಲ್ಜಾತಿ ಬಡವರ ಶೇ 10 ಮೀಸಲಾತಿಯನ್ನು ಮೂರಕ್ಕೆ ಎರಡರ ಬಹುಮತದಲ್ಲಿ ಒಪ್ಪಿದಾಗ, ಆ ಮಿತಿ ಉಲ್ಲಂಘಿಸಲೇಬಾರದ್ದಲ್ಲ ಎಂದರು. ಹಿಂದುಳಿದವರು ಕೇಳಿದಾಗ ಗೋಡೆಯಾಗಿದ್ದದ್ದು ಇಲ್ಲಿ ಬಾಗಿಲಾಯಿತು. ಈ ತೀರ್ಪಿನ ಬಗ್ಗೆ ನನಗೆ ಸಮಾಧಾನವಿಲ್ಲ.

ಒಂದರಿಂದ ನಾಲ್ಕನೇ ತರಗತಿಗೆ ಕನ್ನಡ ಮಾಧ್ಯಮ ಕಡ್ಡಾಯ ಮಾಡಲು ನಮ್ಮ ಸರ್ಕಾರಕ್ಕೆ ಏಕೆ ಆಗುವುದಿಲ್ಲ?

1994ರ ಆದೇಶದಲ್ಲಿ ಮಾಡಿತ್ತು: ಮಾತೃಭಾಷೆ ಅಥವಾ ಕನ್ನಡ. 2014ರ ಮೇ 6ರಂದು ಐವರ ಪೀಠ ಒಮ್ಮತದಿಂದ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ, ಕಲಿಕೆಯ ಮಾಧ್ಯಮ ಆರಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಮಗು ಮಾತೃಭಾಷೆಯಲ್ಲೇ ಚೆನ್ನಾಗಿ ಕಲಿಯುತ್ತದೆ ಎಂದು ಶಿಕ್ಷಣ ತಜ್ಞರು ಹೇಳುವುದು ನಿಜವೇ ಇರಬಹುದು, ಆದರೂ ಹೇರುವಂತಿಲ್ಲ ಎಂಬುದು ತೀರ್ಪಿನ ತಿರುಳು.

ತೀರ್ಪು ಕನ್ನಡವನ್ನು ಒಂದು ವಿಷಯವಾಗಿ ಕಲಿಸುವುದಕ್ಕೆ ಅಡ್ಡ ಬರಲಿಲ್ಲ; 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂದದ್ದು ಆ ದಾರಿಯಲ್ಲಿ. ಮಾಧ್ಯಮ ಬೇರೆ, ವಿಷಯ ಬೇರೆ. ವೇದಿಕೆಯ ಭಾಷಣಗಳಲ್ಲಿ ಎರಡೂ ಕಲಸಿಹೋಗುತ್ತವೆ.

## ತೊಡಕಿನ ಪ್ರಶ್ನೆಗಳು

ಭಿನ್ನಮತದ ತೀರ್ಪಿಗೆ ಬೆಲೆಯಿಲ್ಲ ಎಂದ ಮೇಲೆ ಬರೆಯುವುದೇಕೆ?

ಅಂದಿನ ದಿನಕ್ಕೆ ಬೆಲೆಯಿಲ್ಲ, ಸರಿ. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಬಂಧಿತನಿಗೆ ಕೋರ್ಟಿನ ಬಾಗಿಲು ಬಡಿಯುವ ಹಕ್ಕೂ ಇಲ್ಲ ಎಂದು ಐವರಲ್ಲಿ ನಾಲ್ವರು ಹೇಳಿದರು. ಹಾಗಲ್ಲ, ಹಕ್ಕಿದೆ ಎಂದವರು ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರನ್ನು ದಾಟಿ ಕಿರಿಯರಾದ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಖನ್ನಾ ರಾಜೀನಾಮೆ ಕೊಟ್ಟರು.

41 ವರ್ಷ ಕಳೆಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಒಂಬತ್ತು ಜನರ ಮುಂದೆ ಬಂತು. 2017ರ ಆಗಸ್ಟ್ 24ರ ಆ ತೀರ್ಪಿನಲ್ಲಿ, 1976ರ ಬಹುಮತ ತಪ್ಪು, ಖನ್ನಾ ಹೇಳಿದ್ದು ಸರಿ ಎಂದು ಬರೆದವರು ಡಿ.ವೈ. ಚಂದ್ರಚೂಡ್. ಆ ನಾಲ್ವರಲ್ಲಿ ಒಬ್ಬರು ಅವರ ತಂದೆ.

ಎಲ್ಲ ಭಿನ್ನಮತಕ್ಕೂ ಇಂಥ ಯೋಗ ಇರುವುದಿಲ್ಲ. 2023ರ ಜನವರಿಯಲ್ಲಿ ನೋಟು ರದ್ದತಿ ಪ್ರಕರಣದಲ್ಲಿ ನಾಗರತ್ನ ಒಬ್ಬರೇ ಬೇರೆ ನಿಂತರು: ಪ್ರಸ್ತಾವ ಹೊರಟದ್ದು ರಿಸರ್ವ್ ಬ್ಯಾಂಕಿನಿಂದಲ್ಲ, ಕೇಂದ್ರದಿಂದ, ಹಾಗಿದ್ದರೆ ಸಂಸತ್ತಿನ ಕಾನೂನು ಬೇಕಿತ್ತು ಎಂದರು. ನೋಟುಗಳಂತೂ ಹೋಗಿಯಾಗಿತ್ತು, ಹಿಂದಿನದನ್ನು ಮರಳಿಸಲಾಗದು ಎಂದು ಅವರೂ ಬರೆದರು.

ಹಿಂದಿನ ತೀರ್ಪು ತಪ್ಪು ಎಂದು ಅನಿಸಿದರೂ ಐವರ ಪೀಠ ಅದನ್ನು ಏಕೆ ತಿದ್ದಲಿಲ್ಲ? ಏಳು ಜನ ಏಕೆ ಬೇಕಾಯಿತು?

ಒಳಮೀಸಲಾತಿಯ ಪ್ರಶ್ನೆ ಇದು. ಇದರಲ್ಲಿ ಎಣಿಕೆಯೇ ಕಥೆ. ಪರಿಶಿಷ್ಟ ಜಾತಿಗಳನ್ನು ಒಳಗೊಳಗೇ ವಿಂಗಡಿಸುವಂತಿಲ್ಲ ಎಂದು 2004ರಲ್ಲಿ ಚಿನ್ನಯ್ಯ ಪ್ರಕರಣದಲ್ಲಿ ಐವರ ಪೀಠ ಹೇಳಿತು. ಮುಖ್ಯ ತೀರ್ಪು ಬರೆದವರು ಎನ್. ಸಂತೋಷ್ ಹೆಗ್ಡೆ, ಮೇಲೆ ಹೇಳಿದ ಕೆ.ಎಸ್. ಹೆಗ್ಡೆಯವರ ಮಗ, ಮುಂದೆ ನಮ್ಮ ಲೋಕಾಯುಕ್ತ. 2020ರಲ್ಲಿ ಇನ್ನೊಂದು ಐವರ ಪೀಠಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ಒಂದು ಪೀಠ ಅಷ್ಟೇ ಜನರ ಇನ್ನೊಂದು ಪೀಠದ ತೀರ್ಪನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಪೀಠಕ್ಕೆ ಕಳಿಸಬಹುದು, ಅಷ್ಟೇ. ಏಳು ಜನ ಕುಳಿತು 2024ರ ಆಗಸ್ಟ್ 1ರಂದು ಆರಕ್ಕೆ ಒಂದರಂತೆ ಚಿನ್ನಯ್ಯ ತೀರ್ಪನ್ನು ರದ್ದು ಮಾಡಿದರು.

ಕರ್ನಾಟಕದಲ್ಲಿ ಒಳಮೀಸಲಾತಿ ಕುರಿತ ಸದಾಶಿವ ಆಯೋಗದ ವರದಿ ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತದ್ದಕ್ಕೆ ರಾಜಕೀಯದ ಅಳುಕೂ ಕಾರಣ, ಚಿನ್ನಯ್ಯ ಎಂಬ ನೆಪವೂ ಕಾರಣ. ಆ ನೆಪ ಹೋದ ಮೇಲೆಯೇ ಅದೇ ಕೆಲಸಕ್ಕೆ ನಾಗಮೋಹನ ದಾಸ್ ಆಯೋಗ ಬಂದದ್ದು.

ಇಬ್ಬರ ಪೀಠದಲ್ಲಿ ಒಬ್ಬರು ಹೌದು, ಒಬ್ಬರು ಅಲ್ಲ ಎಂದರೆ?

ಯಾವ ತೀರ್ಮಾನವೂ ಆಗಲಿಲ್ಲ ಎಂದರ್ಥ. ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಹೀಗೇ ಆಯಿತು: ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು, ಸುಧಾಂಶು ಧುಲಿಯಾ ಪುರಸ್ಕರಿಸಿದರು. ಬೇರೆ ಪೀಠ ರಚಿಸಲು ಕಡತವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಬೇಕು. ಆ ತನಕ ಹೈಕೋರ್ಟಿನ ತೀರ್ಪೇ ಜಾರಿಯಲ್ಲಿ. ಇಂಥ ಪ್ರಕರಣವನ್ನು ಇಬ್ಬರ ಮುಂದೆ ಹಾಕಿದ್ದೇ ಎಡವಟ್ಟು ಎಂಬುದು ನನ್ನ ಅನಿಸಿಕೆ.

ಸುಪ್ರೀಂ ಕೋರ್ಟಿನಲ್ಲೂ ಸೋತರೆ ಇನ್ನೇನಿದೆ?

137ನೇ ವಿಧಿಯಡಿ ಪುನರ್‌ಪರಿಶೀಲನಾ ಅರ್ಜಿ, ಅದೂ 30 ದಿನದೊಳಗೆ. ಸಾಧ್ಯವಾದಷ್ಟೂ ಅದೇ ನ್ಯಾಯಮೂರ್ತಿಗಳು, ಸಾಮಾನ್ಯವಾಗಿ ವಾದ ಕೇಳದೆ ಕೊಠಡಿಯಲ್ಲೇ ಕಾಗದ ಓದಿ ತೀರ್ಮಾನಿಸುತ್ತಾರೆ. ಅದೂ ಬಿದ್ದರೆ, 2002ರಲ್ಲಿ ಕೋರ್ಟೇ ಹುಟ್ಟುಹಾಕಿದ ಕ್ಯುರೇಟಿವ್ ಅರ್ಜಿ, ಅಂದರೆ ತಪ್ಪು ಸರಿಪಡಿಸಲು ಕೊನೆಯ ಅವಕಾಶ. ಕಕ್ಷಿದಾರರಿಗೆ ನಾನು ಇದರ ಆಸೆ ಹುಟ್ಟಿಸುವುದಿಲ್ಲ.

ಸರ್ಕಾರ ಹೊಸ ಕಾನೂನು ತಂದು ತೀರ್ಪನ್ನು ಅಳಿಸಿಹಾಕಬಹುದೇ?

ತೀರ್ಪಿನ ಬುಡದಲ್ಲಿದ್ದ ದೋಷ ತೆಗೆದರೆ ಆಗುತ್ತದೆ. ತೀರ್ಪು ನಮಗೆ ಅನ್ವಯಿಸದು ಎಂದರೆ ಆಗುವುದಿಲ್ಲ. ಎರಡಕ್ಕೂ ಉದಾಹರಣೆ ನಮ್ಮಲ್ಲೇ ಇದೆ.

1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿ, ನಮ್ಮ ರೈತರ ನೀರಿಗೆ ಯಾವ ಆದೇಶವೂ ಅಡ್ಡಿಯಾಗದು ಎಂದಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದರು; ಅದು ಸಂವಿಧಾನಬಾಹಿರ, ರಾಜ್ಯ ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗುವಂತಿಲ್ಲ ಎಂದು ನವೆಂಬರಿನಲ್ಲಿ ಕೋರ್ಟು ಹೇಳಿತು.

ಬಡ್ತಿ ಮೀಸಲಾತಿಯಲ್ಲಿ ಅದೇ ರಾಜ್ಯ ಜಾಣತನ ತೋರಿತು. 2017ರ ಬಿ.ಕೆ. ಪವಿತ್ರಾ ತೀರ್ಪು, ಅಂಕಿಅಂಶದ ಆಧಾರವಿಲ್ಲ ಎಂಬ ಕಾರಣಕ್ಕೆ ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರ ಹಿರಿತನ ಕಾಯುವ 2002ರ ಜ್ಯೇಷ್ಠತಾ ಕಾಯ್ದೆಯನ್ನು ಹೊಡೆದುಹಾಕಿತು. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಇಲಾಖೆವಾರು ಅಂಕಿಅಂಶ ಸಂಗ್ರಹಿಸಿ ಹೊಸ ಕಾಯ್ದೆ ಮಾಡಿತು. 2019ರ ಮೇ 10ರಂದು, ಅದೇ ಪವಿತ್ರಾ ಅವರ ಎರಡನೇ ಅರ್ಜಿಯಲ್ಲಿ, ಕೋರ್ಟು ಆ ಕಾಯ್ದೆಯನ್ನು ಒಪ್ಪಿತು.

ತೀರ್ಪನ್ನು ಟೀಕಿಸಿದರೆ ನ್ಯಾಯಾಂಗ ನಿಂದನೆ ಆಗುತ್ತದೆಯೇ?

ತೀರ್ಪನ್ನು ಟೀಕಿಸಿದರೆ ಆಗುವುದಿಲ್ಲ. 1971ರ ಕಾಯ್ದೆಯ 5ನೇ ಕಲಮಿನಲ್ಲೇ ನ್ಯಾಯಯುತ ವಿಮರ್ಶೆಗೆ ರಕ್ಷಣೆ ಇದೆ. ಬರೆದವರ ಪ್ರಾಮಾಣಿಕತೆಗೆ ಕೈ ಹಾಕಿದಾಗ ತೊಡಕು ಶುರು. ಗೆರೆ ಎಲ್ಲಿದೆ ಎಂಬುದನ್ನು ನಿರ್ಧರಿಸುವವರು ಟೀಕೆಗೆ ಗುರಿಯಾದ ಸಂಸ್ಥೆಯವರೇ ಆದ್ದರಿಂದ, ನಾನಂತೂ ಮೇಲಿನ ಉತ್ತರಗಳಲ್ಲಿ ತೀರ್ಪಿಗಷ್ಟೇ ಬೆರಳು ತೋರಿಸಿದ್ದೇನೆ.

ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ. ಮೊದಲು ಯಾವ ತೀರ್ಪು ಓದಲಿ?

ಕೇಶವಾನಂದ ಬೇಡ, ಅರ್ಧದಲ್ಲೇ ಕೈಬಿಡುತ್ತೀರಿ. 1992ರ ಮೋಹಿನಿ ಜೈನ್ ತೀರ್ಪು ತೆಗೆದುಕೊಳ್ಳಿ. ಮೀರತ್‌ನ ಹುಡುಗಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜು ವರ್ಷಕ್ಕೆ 60,000 ರೂಪಾಯಿ ಕೇಳಿತು; ಸರ್ಕಾರಿ ಸೀಟಿಗೆ ಆಗ 2,000. ಅಷ್ಟರಿಂದ ಹೊರಟು ಶಿಕ್ಷಣವೇ ಹಕ್ಕು ಎನ್ನುವಲ್ಲಿಗೆ ಇಬ್ಬರು ನ್ಯಾಯಮೂರ್ತಿಗಳು ಹೇಗೆ ತಲುಪಿದರು ಎಂದು ಗುರುತು ಹಾಕುತ್ತಾ ಹೋಗಿ. ಮುಗಿದ ಮೇಲೆ, ಮರುವರ್ಷವೇ ಐವರ ಪೀಠ ಅದನ್ನು ಎಷ್ಟು ಕತ್ತರಿಸಿತು ಎಂದು ಉನ್ನಿಕೃಷ್ಣನ್ ತೀರ್ಪಿನಲ್ಲಿ ನೋಡಿ. ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ.